ತುರ್ತಿನ ಸುಂಕ, ಕಾನೂನಿನ ಕಡಿವಾಣ



ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ 2025ರಲ್ಲಿ ಒಂದು ಪತ್ರ ಬರೆದಿದ್ದ. ಆ ವರ್ಷ ಅಲ್ಲಿಯ ಅಧ್ಯಕ್ಷರು ‘ರಾಷ್ಟ್ರೀಯ ತುರ್ತು ಪರಿಸ್ಥಿತಿ’ಯ ಹೆಸರಿನಲ್ಲಿ ಲೋಕದ ಬಹುತೇಕ ದೇಶಗಳ ಸರಕಿನ ಮೇಲೆ ಸುಂಕ ಹೇರಿದ್ದರು. ಭಾರತದ ಸರಕಿಗೆ ಆಗಸ್ಟ್ 7ರಿಂದ ಶೇ. 25, ಆಗಸ್ಟ್ 27ರಿಂದ ಅದರ ಮೇಲೆ ಮತ್ತೆ ಶೇ. 25 ಬಿದ್ದಿತ್ತು. ಅವನ ಪ್ರಶ್ನೆ ನೇರವಾಗಿತ್ತು: “ಗುರುಗಳೆ, ಒಬ್ಬರ ಸಹಿಯಿಂದ ಹೀಗೆ ಸುಂಕ ಏರುವುದಾದರೆ ಶಾಸನಸಭೆ ಏಕೆ ಬೇಕು? ನಮ್ಮ ದೇಶದಲ್ಲಿಯೂ ಹೀಗೆ ಆಗಬಹುದೆ?”

ಆಗಬಹುದು, ಆದರೆ ಹಗ್ಗ ಕಟ್ಟಿದ ಹೋರಿಯಂತೆ ಎಂದು ಅವನಿಗೆ ಚುಟುಕಾಗಿ ಉತ್ತರಿಸಿದ್ದೆ. ಆ ಹಗ್ಗ ಯಾವುದು, ಅದನ್ನು ಯಾರು ಹೊಸೆದರು, ಅದು ಎಷ್ಟು ಗಟ್ಟಿ ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮಹಾಲಿಂಗಪುರದಲ್ಲಿ ಬೆಳೆದವರಿಗೆ ಸುಂಕದ ವಿಷಯ ದೂರದ್ದೇನೂ ಅಲ್ಲ. ನಮ್ಮದು ಬೆಲ್ಲದ ಪೇಟೆ. ಗಾಣದಿಂದ ಬಂದ ಪೆಂಟೆಗಳು, ಅಡತಿ ಅಂಗಡಿಯ ಲಿಲಾವು, ತೂಕ, ದಲಾಲಿ ಇವೆಲ್ಲ ನಮ್ಮ ಮಕ್ಕಳಿಗೆ ಪುಸ್ತಕಕ್ಕಿಂತ ಮೊದಲೇ ತಿಳಿಯುವ ಪಾಠಗಳು. ನಾವು ಹುಡುಗರಿದ್ದಾಗ ಊರಿನ ಬಾಗಿಲಲ್ಲಿ ಜಕಾತಿ ನಾಕೆ ಇರುತ್ತಿತ್ತು. ಚಕ್ಕಡಿ ಅಲ್ಲಿ ನಿಂತು, ಪಾವತಿ ಹರಿಸಿಕೊಂಡು ಮುಂದೆ ಸಾಗಬೇಕಿತ್ತು. ಕರ್ನಾಟಕದಲ್ಲಿ ಜಕಾತಿ ರದ್ದಾಗಿ ಅದರ ಸ್ಥಾನದಲ್ಲಿ ಪ್ರವೇಶ ತೆರಿಗೆ ಬಂದದ್ದು 1979ರಲ್ಲಿ.

ಅದಕ್ಕೂ ಹಿಂದಿನ ನಕಾಶೆಯನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಸ್ವಾತಂತ್ರ್ಯಕ್ಕೆ ಮೊದಲು ನಮ್ಮ ಊರು ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. ಹತ್ತಿರದ ಬನಹಟ್ಟಿ ಪಟವರ್ಧನರ ಜಮಖಂಡಿ ಸಂಸ್ಥಾನದಲ್ಲಿತ್ತು. ಅದಕ್ಕೆ ಅಂಟಿಕೊಂಡ ರಬಕವಿಯೂ ಆಚೆಯ ತೇರದಾಳವೂ ಸಾಂಗಲಿಯವರದು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಒಂದು ದಿನದ ಚಕ್ಕಡಿ ಪ್ರಯಾಣದೊಳಗೆ ಇಷ್ಟು ಒಡೆತನಗಳು. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು. 1950ರ ಜನವರಿ 26ರಿಂದ ಎಲ್ಲರಿಗೂ ಒಂದೇ ಸಂವಿಧಾನ ಬಂದಿತು. ಆ ದಿನದಿಂದ ಈ ಭಾಗದ ಬೆಲ್ಲದ ಪೆಂಟೆಯ ಮೇಲೆ ಒಂದು ಕಾಸು ಎತ್ತಬೇಕಾದರೂ ಶಾಸನಸಭೆ ಮಾಡಿದ ಕಾನೂನು ಬೇಕು. ಸಂವಿಧಾನದ 265ನೆಯ ಅನುಚ್ಛೇದ ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತದೆ: ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ, ವಸೂಲು ಮಾಡುವಂತಿಲ್ಲ. ವಿಧಿಸುವುದು ಬೇರೆ, ವಸೂಲು ಮಾಡುವುದು ಬೇರೆ ಎಂದು ಎರಡನ್ನೂ ಬಿಡಿಸಿ ಹೇಳಿರುವುದನ್ನು ಗಮನಿಸಬೇಕು.

ಈ ವಿಚಾರದ ಬೇರು ಎರಡು ಕಡೆ ಇದೆ. ಒಂದು ನಮ್ಮ ನೆಲದಲ್ಲಿಯೇ ಇದೆ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳನ್ನು ಓದಿದವರಿಗೆ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರು ಪರಿಚಿತ. ಸುಂಕದ ಲೆಕ್ಕ ನೋಡಲು ಸುಂಕವೆರ್ಗಡೆ ಎಂಬ ಅಧಿಕಾರಿಯಿದ್ದನು. ನಮ್ಮ ತೇರದಾಳದ ಹನ್ನೆರಡನೆಯ ಶತಮಾನದ ಶಾಸನದಲ್ಲಿ ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದ ಪ್ರಸ್ತಾಪವಿದೆ. ಯಾವ ಸರಕಿನ ಸುಂಕ ಯಾವ ದೇವಾಲಯಕ್ಕೆ ಸಲ್ಲಬೇಕು, ಯಾರಿಗೆ ವಿನಾಯಿತಿ ಎಂಬುದನ್ನು ಆಗ ಕಲ್ಲಿನ ಮೇಲೆ ಕೆತ್ತಿ ನಾಲ್ಕು ಜನ ನೋಡುವಲ್ಲಿ ನಿಲ್ಲಿಸುತ್ತಿದ್ದರು. ಅರಸನ ಮನಸ್ಸಿನಲ್ಲಿರುವ ಸುಂಕವನ್ನು ಯಾರೂ ಓದಲಾರರು. ಕಲ್ಲಿನ ಮೇಲಿನದನ್ನು ಓದಬಹುದು, ತಪ್ಪಿದರೆ ಅದನ್ನೇ ತೋರಿಸಿ ಕೇಳಬಹುದು. ಈ ಮಾತನ್ನು ನೆನಪಿನಲ್ಲಿಡಿರಿ; ಮುಂದೆ ಬೇಕಾಗುತ್ತದೆ.

ಇನ್ನೊಂದು ಬೇರು ಇಂಗ್ಲೆಂಡಿನಲ್ಲಿದೆ. ಒಂಬತ್ತನೆಯ ತರಗತಿಯಲ್ಲಿ ನಾನು ಹೇಳುತ್ತಿದ್ದ ಒಂದನೆಯ ಚಾರ್ಲ್ಸ್ ದೊರೆಯ ಕಥೆ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಆತ ಪಾರ್ಲಿಮೆಂಟನ್ನು ಕರೆಯದೆಯೇ ಆಳುತ್ತಿದ್ದನು. ಹಡಗುಪಡೆಗೆಂದು ‘ಹಡಗಿನ ಹಣ’ವನ್ನು 1634ರಲ್ಲಿ ಕರಾವಳಿಯ ಪಟ್ಟಣಗಳಿಂದ ಎತ್ತಿದನು, ಮರುವರ್ಷ ಸಮುದ್ರವನ್ನೇ ಕಾಣದ ಒಳನಾಡಿನಿಂದಲೂ ಕೇಳಿದನು. ರಾಜ್ಯಕ್ಕೆ ಅಪಾಯವಿದೆ, ಅಪಾಯವಿದೆಯೆಂದು ತೀರ್ಮಾನಿಸುವವನೂ ತಾನೇ ಎಂಬುದು ಅವನ ವಾದ. ಜಾನ್ ಹ್ಯಾಂಪ್ಡನ್ ಎಂಬ ಜಮೀನುದಾರ 20 ಶಿಲ್ಲಿಂಗ್ ಕೊಡಲೊಪ್ಪದೆ ನ್ಯಾಯಾಲಯಕ್ಕೆ ಹೋದನು. 1638ರಲ್ಲಿ ಹನ್ನೆರಡು ನ್ಯಾಯಾಧೀಶರ ಪೈಕಿ ಏಳು ಜನ ದೊರೆಯ ಪರ, ಐದು ಜನ ಹ್ಯಾಂಪ್ಡನ್ನನ ಪರ ನಿಂತರು. ಹ್ಯಾಂಪ್ಡನ್ ಸೋತನು. ಆದರೆ ಆ ಐವರ ಮಾತು ಊರೂರಿಗೆ ಹಬ್ಬಿತು. 1641ರಲ್ಲಿ ಪಾರ್ಲಿಮೆಂಟು ಆ ಹಣವನ್ನೇ ಅಕ್ರಮವೆಂದು ಸಾರಿತು; 1689ರ ಹಕ್ಕುಗಳ ಮಸೂದೆಯಲ್ಲಿ ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಹಣ ಎತ್ತುವುದು ನಿಷಿದ್ಧವೆಂದು ನಿಂತಿತು. ನಮ್ಮ 265ನೆಯ ಅನುಚ್ಛೇದದ ಹಿಂದೆ ಈ ದೀರ್ಘ ಜಗಳವಿದೆ.

ಹಾಗೆಂದು ಎಲ್ಲ ಸುಂಕಕ್ಕೂ ಸಂಸತ್ತು ಸೇರುವವರೆಗೆ ಕಾಯಲು ಸಾಧ್ಯವೆ? ದವಸದ ಬೆಲೆ ವಾರದಲ್ಲಿ ಏರುತ್ತದೆ, ಸಂಸತ್ತಿನ ಅಧಿವೇಶನ ವರ್ಷಕ್ಕೆ ಮೂರು ಸಲ ಕೂಡುತ್ತದೆ. ಆದ್ದರಿಂದ ಸಂಸತ್ತೇ 1975ರ ಕಸ್ಟಮ್ಸ್ ಸುಂಕ ಕಾಯ್ದೆಯಲ್ಲಿ ಕೇಂದ್ರ ಸರ್ಕಾರಕ್ಕೆ ತುರ್ತಿನ ಅಧಿಕಾರವನ್ನು ಕಡವಾಗಿ ಕೊಟ್ಟಿದೆ. 8ನೆಯ ಕಲಮಿನಲ್ಲಿ ರಫ್ತು ಸುಂಕದ ಮಾತಿದೆ, 8ಎ ಕಲಮಿನಲ್ಲಿ ಆಮದು ಸುಂಕದ ಮಾತಿದೆ. ತಕ್ಷಣ ಕ್ರಮ ಕೈಗೊಳ್ಳಬೇಕಾದ ಸಂದರ್ಭವಿದೆಯೆಂದು ಸರ್ಕಾರಕ್ಕೆ ಮನವರಿಕೆಯಾದರೆ ಅಧಿಸೂಚನೆಯ ಮೂಲಕ ಸುಂಕ ಏರಿಸಬಹುದು.

ಕಡ ಕೊಟ್ಟವರು ಕರಾರು ಬರೆಸಿಕೊಂಡಿದ್ದಾರೆ. ಅಧಿಸೂಚನೆ ಗೆಜೆಟ್ಟಿನಲ್ಲಿ ಪ್ರಕಟವಾಗಬೇಕು. ಸಂಸತ್ತು ಸೇರಿದ್ದರೆ ಆದಷ್ಟು ಬೇಗ, ಸೇರಿಲ್ಲದಿದ್ದರೆ ಮತ್ತೆ ಸೇರಿದ ಏಳು ದಿನದೊಳಗೆ ಎರಡೂ ಸದನಗಳ ಮುಂದೆ ಅದನ್ನು ಇಡಬೇಕು. ಲೋಕಸಭೆಯ ಮುಂದೆ ಇಟ್ಟ ದಿನದಿಂದ ಹದಿನೈದು ದಿನದೊಳಗೆ ಒಪ್ಪಿಗೆ ಕೋರಿ ನಿರ್ಣಯ ಮಂಡಿಸಬೇಕು. ಸಂಸತ್ತು ಅದನ್ನು ತಿದ್ದಬಹುದು, ಬೇಡವೆಂದು ತಳ್ಳಲೂಬಹುದು. ಆಮದು ಸುಂಕದ ವಿಷಯದಲ್ಲಿ ಇನ್ನೊಂದು ಗಂಟು ಇದೆ: ಮೊದಲಿನ ತುರ್ತು ಅಧಿಸೂಚನೆಗೆ ಸಂಸತ್ತಿನ ಒಪ್ಪಿಗೆ ಸಿಗುವವರೆಗೆ ಅದೇ ಸರಕಿನ ದರವನ್ನು ಅದೇ ಅಧಿಕಾರದಿಂದ ಮತ್ತೆ ಬದಲಿಸುವಂತಿಲ್ಲ. ಆದರೆ ಸಂಸತ್ತು ತಳ್ಳಿದರೂ ಅಲ್ಲಿಯವರೆಗೆ ನಡೆದುಹೋದದ್ದಕ್ಕೆ ಬಾಧಕವಿಲ್ಲವೆಂಬ ಮಾತೂ ಕಾಯ್ದೆಯಲ್ಲಿದೆ. ರೈತನ ದೃಷ್ಟಿಯಿಂದ ನೋಡಿದರೆ ಹಗ್ಗ ಸಡಿಲವಾಗಿರುವುದು ಇಲ್ಲಿಯೇ.

ಹೇಗೆಂಬುದನ್ನು ಉಳ್ಳಾಗಡ್ಡಿಯ ಉದಾಹರಣೆಯಿಂದ ನೋಡೋಣ. 2023ರ ಸಂಸತ್ತಿನ ಮಳೆಗಾಲದ ಅಧಿವೇಶನ ಆಗಸ್ಟ್ 11ರಂದು ಮುಗಿಯಿತು. ಎಂಟು ದಿನ ಕಳೆದು, ಆಗಸ್ಟ್ 19ರಂದು, ಉಳ್ಳಾಗಡ್ಡಿಯ ರಫ್ತಿನ ಮೇಲೆ ಶೇ. 40 ಸುಂಕ ಬಂದಿತು. ದೇಶದೊಳಗೆ ಬೆಲೆ ಏರದಿರಲಿ ಎಂಬುದು ಉದ್ದೇಶ. ಪಟ್ಟಣದ ಅಡುಗೆಮನೆಗೆ ಅದು ಒಳ್ಳೆಯದೇ ಇರಬಹುದು. ಆದರೆ ನಮ್ಮದೇ ರಾಜ್ಯದ ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಕಡೆ ಬೆಳೆಯುವ ಗುಲಾಬಿ ಈರುಳ್ಳಿಯ ಕಥೆ ಬೇರೆ. ಚಿಕ್ಕ ಗಾತ್ರದ, ಕಡುಕೆಂಪು ಬಣ್ಣದ, ಖಾರವಾದ ಈ ಗಡ್ಡೆಯನ್ನು ನಮ್ಮವರು ತಿನ್ನುವುದು ಕಡಿಮೆ. ಅದನ್ನು ಬೆಳೆಯುವುದೇ ಮಲೇಷಿಯಾ, ಸಿಂಗಪುರ ಮುಂತಾದ ಆಗ್ನೇಯ ಏಷ್ಯಾದ ಊಟಕ್ಕೆ. 2015ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿತ್ತು. ಇಲ್ಲಿ ಮಾರಾಟವಾಗದ ಸರಕನ್ನು ಇಲ್ಲಿಯ ಬೆಲೆ ಇಳಿಸಲೆಂದು ತಡೆಹಿಡಿಯುವುದರಲ್ಲಿ ಅರ್ಥವಿರಲಿಲ್ಲ. ಬೆಳೆಗಾರರ ಕೂಗು ಎದ್ದ ಮೇಲೆ ಸೆಪ್ಟೆಂಬರ್ ಕೊನೆಯಲ್ಲಿ, ರಾಜ್ಯದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರವಿದ್ದರೆ ಗುಲಾಬಿ ಈರುಳ್ಳಿಗೆ ಸುಂಕವಿಲ್ಲವೆಂದು ವಿನಾಯಿತಿ ಬಂದಿತು. ಅಷ್ಟರಲ್ಲಿ ಸುಮಾರು ಆರು ವಾರ ಕಳೆದಿದ್ದವು. ಗಡ್ಡೆ ಆರು ವಾರ ಕಾಯುವ ವಸ್ತುವಲ್ಲ ಎಂಬುದನ್ನು ಹೊಲ ಮಾಡಿದವರಿಗೆ ಹೇಳಬೇಕಾಗಿಲ್ಲ.

ಸಾಮಾನ್ಯ ಉಳ್ಳಾಗಡ್ಡಿಯ ಕಥೆ ಇನ್ನೂ ಉದ್ದವಾಯಿತು. ಅಕ್ಟೋಬರ್ ಕೊನೆಯಲ್ಲಿ ಟನ್ನಿಗೆ 800 ಡಾಲರ್ ಕನಿಷ್ಠ ರಫ್ತು ಬೆಲೆ, ಡಿಸೆಂಬರ್ 8ರಂದು ರಫ್ತಿಗೇ ನಿಷೇಧ, 2024ರ ಮೇ 4ರಂದು ನಿಷೇಧ ಹೋಗಿ ಮತ್ತೆ ಶೇ. 40 ಸುಂಕ, ಸೆಪ್ಟೆಂಬರಿನಲ್ಲಿ ಶೇ. 20, ಕೊನೆಗೆ 2025ರ ಏಪ್ರಿಲ್ 1ರಿಂದ ಸುಂಕವಿಲ್ಲ. ನಮ್ಮ ಕಬ್ಬಿನ ಸೀಮೆಯೂ ಇಂಥದ್ದನ್ನು ಕಂಡಿದೆ. ಎಥನಾಲಿಗೆ ಕಚ್ಚಾವಸ್ತು ಸಾಲದಾದಾಗ 2024ರ ಜನವರಿ 18ರಿಂದ ಕಾಕಂಬಿಯ ರಫ್ತಿನ ಮೇಲೆ ಶೇ. 50 ಸುಂಕ ಬಿದ್ದಿತು. ಸಮೀರವಾಡಿಯ ಕಡೆಗೆ ಕಬ್ಬು ಸಾಗಿಸುವವರಿಗೆ ಕಾಕಂಬಿ ಎಂದರೇನೆಂದು ನಾನು ವಿವರಿಸಬೇಕಾಗಿಲ್ಲ. ಅದರ ಬೆಲೆಯೂ ಕಬ್ಬಿನ ಬಿಲ್ಲಿನ ಲೆಕ್ಕದೊಳಗೆ ಸೇರುವ ಬಾಬೇ.

ಇನ್ನು ಈ ಹಗ್ಗವನ್ನು ನ್ಯಾಯಾಲಯ ಬಿಗಿಯಾಗಿ ಎಳೆದ ಒಂದು ಪ್ರಸಂಗ. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ನಮ್ಮ 40 ಜನ ಯೋಧರು ಹುತಾತ್ಮರಾದರು. ಎರಡು ದಿನಗಳ ನಂತರ, ಫೆಬ್ರವರಿ 16ರಂದು, ಕೇಂದ್ರ ಸರ್ಕಾರವು 8ಎ ಕಲಮಿನ ಅಧಿಕಾರದಿಂದ ಪಾಕಿಸ್ತಾನದ ಎಲ್ಲ ಸರಕಿನ ಮೇಲೆ ಶೇ. 200 ಸುಂಕ ಹಾಕಿತು. ಆ ಕ್ರಮವನ್ನು ಅನುಚಿತವೆಂದು ಯಾರೂ ಹೇಳಲಿಲ್ಲ. ಆದರೆ ಅಟ್ಟಾರಿ ಗಡಿಯಲ್ಲಿ ಅದೇ ದಿನ ಹಗಲು ಸರಕು ತಂದು, ಕಾಗದಪತ್ರ ಒಪ್ಪಿಸಿದ್ದ ಕೆಲವು ವ್ಯಾಪಾರಿಗಳಿದ್ದರು. ಅಧಿಸೂಚನೆ ವಿದ್ಯುನ್ಮಾನ ಗೆಜೆಟ್ಟಿನಲ್ಲಿ ಏರಿದ್ದು ರಾತ್ರಿ 8 ಗಂಟೆ 46 ನಿಮಿಷ 58 ಸೆಕೆಂಡಿಗೆ. ತಾರೀಖು ಒಂದೇ ಆದ್ದರಿಂದ ಹಗಲು ಬಂದ ಸರಕಿಗೂ ಶೇ. 200 ಕೊಡಿ ಎಂದು ಸರ್ಕಾರ ಕೇಳಿತು.

ಜಿ. ಎಸ್. ಚಾಥಾ ರೈಸ್ ಮಿಲ್ಸ್ ಹೆಸರಿನ ಈ ಮೊಕದ್ದಮೆಯಲ್ಲಿ ಪಂಜಾಬ್ ಮತ್ತು ಹರಿಯಾಣಾ ಉಚ್ಚ ನ್ಯಾಯಾಲಯ ವ್ಯಾಪಾರಿಗಳ ಪರ ನಿಂತಿತು. ಸುಪ್ರೀಂ ಕೋರ್ಟ್ 2020ರ ಸೆಪ್ಟೆಂಬರ್ 23ರಂದು ಅದನ್ನೇ ಎತ್ತಿಹಿಡಿಯಿತು. ಸುಂಕ ಏರಿಸುವ ಅಧಿಕಾರವನ್ನು ಅದು ಪ್ರಶ್ನಿಸಲಿಲ್ಲ. ಪ್ರಕಟವಾದ ಗಳಿಗೆಯಿಂದ ಮಾತ್ರ ಸುಂಕಕ್ಕೆ ಬಲ ಬರುತ್ತದೆ, ಹಿಂದಕ್ಕೆ ಅದು ಕೈಚಾಚಲಾರದು ಎಂದಿತು. ತೇರದಾಳದ ಕಲ್ಲನ್ನು ನೆನಪಿನಲ್ಲಿಡಿರಿ ಎಂದಿದ್ದು ಇದಕ್ಕಾಗಿ. ಕಲ್ಲು ಹೋಗಿ ಗಣಕಯಂತ್ರದ ಗೆಜೆಟ್ಟು ಬಂದಿದೆ, ದಿನದ ಲೆಕ್ಕ ಹೋಗಿ ಸೆಕೆಂಡಿನ ಲೆಕ್ಕ ಬಂದಿದೆ. ಬಹಿರಂಗವಾಗಿ ಸಾರದ ಸುಂಕ ಸುಂಕವೇ ಅಲ್ಲ ಎಂಬ ನಿಯಮ ಮಾತ್ರ ಹಾಗೆಯೇ ಇದೆ.

ಹೊತ್ತಿನ ಪ್ರಶ್ನೆ ಹೀಗೆ ಬಗೆಹರಿಯಿತು. ಅದಕ್ಕಿಂತ ಆಳವಾದ ಪ್ರಶ್ನೆ ‘ಮನವರಿಕೆ’ ಎಂಬ ಶಬ್ದದಲ್ಲಿದೆ. ಸರ್ಕಾರಕ್ಕೆ ಮನವರಿಕೆಯಾದರೆ ಸಾಕು ಎಂದು ಕಾಯ್ದೆ ಹೇಳುತ್ತದೆ. ಆ ಮನವರಿಕೆಗೆ ಆಧಾರವಿದೆಯೇ ಎಂದು ಕೇಳುವ ಹಕ್ಕು ಯಾರಿಗಾದರೂ ಉಂಟೆ? ಇದಕ್ಕೆ ಉತ್ತರ ದೊರೆತದ್ದು ಸುಂಕದ ವ್ಯಾಜ್ಯದಲ್ಲಿ ಅಲ್ಲ, ರಾಷ್ಟ್ರಪತಿಯ ತುರ್ತು ಅಧಿಕಾರಗಳಲ್ಲಿ ಒಂದಾದ 356ನೆಯ ಅನುಚ್ಛೇದದ ವ್ಯಾಜ್ಯದಲ್ಲಿ. ಅಲ್ಲಿಯೂ ಇರುವುದು ಅದೇ ಶಬ್ದ: ರಾಜ್ಯದ ಆಡಳಿತ ಸಂವಿಧಾನದಂತೆ ನಡೆಯಲಾರದೆಂದು ರಾಷ್ಟ್ರಪತಿಗೆ ಮನವರಿಕೆಯಾದರೆ. ಆ ಉತ್ತರವನ್ನು ತಂದುಕೊಟ್ಟವರು ನಮ್ಮ ಹುಬ್ಬಳ್ಳಿಯ ಎಸ್. ಆರ್. ಬೊಮ್ಮಾಯಿ ಅವರು.

ಬೊಮ್ಮಾಯಿ ಅವರು 1988ರ ಆಗಸ್ಟ್ 13ರಂದು ಮುಖ್ಯಮಂತ್ರಿಯಾದರು. 1989ರ ಏಪ್ರಿಲಿನಲ್ಲಿ 19 ಶಾಸಕರು ಬೆಂಬಲ ಹಿಂತೆಗೆದಿದ್ದಾರೆಂಬ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಸೇರಿದವು. ಮರುದಿನವೇ ಅವರಲ್ಲಿ ಏಳು ಜನ ತಾವು ಸರ್ಕಾರದ ಜೊತೆಗೇ ಇದ್ದೇವೆಂದು ತಿಳಿಸಿದರು. ವಿಧಾನಸಭೆಯಲ್ಲಿ ಬಹುಮತ ತೋರಿಸುತ್ತೇನೆ, ಅವಕಾಶ ಕೊಡಿ ಎಂದು ಮುಖ್ಯಮಂತ್ರಿ ಕೇಳಿದರು, ಅವಕಾಶ ಸಿಗಲಿಲ್ಲ. ಏಪ್ರಿಲ್ 21ರಂದು ಸರ್ಕಾರ ವಜಾ ಆಗಿ, ವಿಧಾನಸಭೆ ವಿಸರ್ಜನೆಯಾಯಿತು. ಕರ್ನಾಟಕ ಉಚ್ಚ ನ್ಯಾಯಾಲಯ ಬೊಮ್ಮಾಯಿಯವರ ಅರ್ಜಿಯನ್ನು ತಿರಸ್ಕರಿಸಿತು. ಅದೇ ವರ್ಷದ ಕೊನೆಗೆ ಚುನಾವಣೆ ನಡೆದು ಬೇರೆ ಸರ್ಕಾರ ಬಂದಿತು. ಇನ್ನು ಗೆದ್ದರೂ ಕುರ್ಚಿ ಮರಳಿ ಬರುವಂತಿರಲಿಲ್ಲ. ಆದರೂ ಅವರು ವ್ಯಾಜ್ಯ ಕೈಬಿಡಲಿಲ್ಲ.

1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ರಾಷ್ಟ್ರಪತಿಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು. ಮನವರಿಕೆಗೆ ಸಂಬಂಧಪಟ್ಟ ಆಧಾರ ಇತ್ತೇ, ದುರುದ್ದೇಶ ಇತ್ತೇ ಎಂದು ಕೇಳಬಹುದು. ಬಹುಮತವನ್ನು ಎಣಿಸುವ ಸ್ಥಳ ಸದನ, ರಾಜಭವನವಲ್ಲ. ಸಂಸತ್ತು ಒಪ್ಪುವ ಮೊದಲು ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಕರ್ನಾಟಕದಲ್ಲಿ ನಡೆದದ್ದು ಸಂವಿಧಾನಕ್ಕೆ ವಿರುದ್ಧವಾಗಿತ್ತು. ಈ ಎಲ್ಲ ಮಾತುಗಳೂ ಆ ಕಲಾಪದಿಂದ ಹೊರಬಂದವು. ಅಲ್ಲಿಂದ ಮುಂದೆ ರಾಜ್ಯ ಸರ್ಕಾರಗಳನ್ನು ಲೀಲಾಜಾಲವಾಗಿ ಉರುಳಿಸುವ ಚಾಳಿಗೆ ಕಡಿವಾಣ ಬಿದ್ದಿತು. ಆರ್ಥಿಕ ನೀತಿಯ ವಿಷಯದಲ್ಲಿ ನ್ಯಾಯಾಲಯಗಳು ಸರ್ಕಾರಕ್ಕೆ ಹೆಚ್ಚು ಸ್ವಾತಂತ್ರ್ಯ ಕೊಡುತ್ತವೆ, ನಿಜ. ಸುಂಕದ ದರ ಹತ್ತೋ ನಲವತ್ತೋ ಎಂದು ನ್ಯಾಯಮೂರ್ತಿಗಳು ತೂಗಲಾರರು. ಆದರೆ ‘ನನಗೆ ಮನವರಿಕೆಯಾಗಿದೆ, ಕೇಳಬೇಡಿ’ ಎನ್ನುವ ಮಾತು ಬೊಮ್ಮಾಯಿ ತೀರ್ಪಿನ ನಂತರ ಈ ದೇಶದಲ್ಲಿ ಮೊದಲಿನ ಗತ್ತನ್ನು ಉಳಿಸಿಕೊಂಡಿಲ್ಲ.

ಈಗ ಅಮೆರಿಕದ ಕಡೆಗೆ ನೋಡೋಣ. ಅಲ್ಲಿಯ ಸಂವಿಧಾನದಲ್ಲಿ ಸುಂಕ ವಿಧಿಸುವ ಅಧಿಕಾರ ಕಾಂಗ್ರೆಸ್ಸಿನದು. ಅಧ್ಯಕ್ಷರು ಆಧಾರವಾಗಿ ಹಿಡಿದದ್ದು 1977ರ ಅಂತರರಾಷ್ಟ್ರೀಯ ತುರ್ತು ಆರ್ಥಿಕ ಅಧಿಕಾರಗಳ ಕಾಯ್ದೆಯನ್ನು. ತುರ್ತಿನಲ್ಲಿ ಆಮದನ್ನು ‘ನಿಯಂತ್ರಿಸುವ’ ಮಾತು ಅದರಲ್ಲಿದೆ. ‘ಸುಂಕ’ ಎಂಬ ಶಬ್ದವೇ ಇಲ್ಲ. ಅದೇ ದೇಶದ 1974ರ ವ್ಯಾಪಾರ ಕಾಯ್ದೆಯ 122ನೆಯ ಕಲಮು ಅಧ್ಯಕ್ಷರಿಗೆ ಸುಂಕದ ಅಧಿಕಾರ ಕೊಡುವಾಗ ಶೇ. 15ರ ಮಿತಿಯನ್ನೂ 150 ದಿನಗಳ ಅವಧಿಯನ್ನೂ ಹಾಕಿದೆ. ಕೊಡುವಾಗ ಅಳೆದು ಕೊಟ್ಟವರು ಇನ್ನೊಂದು ಕಡೆ ಅಳತೆಯಿಲ್ಲದೆ ಕೊಟ್ಟಿದ್ದಾರೆಂದು ನಂಬುವುದು ಕಷ್ಟ. ಸಣ್ಣ ಆಮದುದಾರರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2025ರ ಮೇ 28ರಂದು ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ, ಆಗಸ್ಟ್ 29ರಂದು ಮೇಲ್ಮನವಿ ನ್ಯಾಯಾಲಯ ಏಳಕ್ಕೆ ನಾಲ್ಕರ ಬಹುಮತದಿಂದ ಅವರ ಪರ ತೀರ್ಪಿತ್ತವು. 2026ರ ಫೆಬ್ರವರಿ 20ರಂದು ಅಲ್ಲಿಯ ಸುಪ್ರೀಂ ಕೋರ್ಟ್ ಆರಕ್ಕೆ ಮೂರರ ಬಹುಮತದಿಂದ, 1977ರ ಆ ಕಾಯ್ದೆ ಸುಂಕ ಹೇರುವ ಅಧಿಕಾರ ಕೊಡುವುದಿಲ್ಲವೆಂದು ಹೇಳಿತು. ಹ್ಯಾಂಪ್ಡನ್ನನ 20 ಶಿಲ್ಲಿಂಗಿನ ಪ್ರಶ್ನೆ ಸುಮಾರು ನಾಲ್ಕು ನೂರು ವರ್ಷಗಳ ನಂತರ ಸಮುದ್ರದಾಚೆ ಮತ್ತೆ ಎದ್ದು ನಿಂತಂತಾಯಿತು.

ಇಷ್ಟನ್ನೆಲ್ಲ ಒಂದೆಡೆ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು. ತುರ್ತು ಎಂಬುದು ಸುಳ್ಳಲ್ಲ. ಬರ, ಯುದ್ಧ, ಬೆಲೆಯೇರಿಕೆ ಸಂಸತ್ತಿನ ಅಧಿವೇಶನ ನೋಡಿಕೊಂಡು ಬರುವುದಿಲ್ಲ. ಆದ್ದರಿಂದ ತುರ್ತಿನ ಅಧಿಕಾರ ಇರಲೇಬೇಕು. ಅದು ಯಾವ ಕಾನೂನಿನಿಂದ ಬಂದಿತು, ಎಂದು ಪ್ರಕಟವಾಯಿತು, ಎಷ್ಟು ದಿನಕ್ಕೆ, ಯಾರ ಒಪ್ಪಿಗೆಗೆ ಒಳಪಟ್ಟಿದೆ ಎಂಬ ನಾಲ್ಕು ಪ್ರಶ್ನೆಗಳನ್ನು ಅದರ ಜೊತೆಗೇ ಕಟ್ಟಿಡುವುದು ಕಾನೂನಿನ ಕೆಲಸ. ಆ ಪ್ರಶ್ನೆಗಳನ್ನು ಬಾಯಿ ತೆರೆದು ಕೇಳುವುದು ಮಾತ್ರ ಕಾನೂನಿನ ಕೆಲಸವಲ್ಲ. ಅದು ಮನುಷ್ಯರ ಕೆಲಸ. ಹ್ಯಾಂಪ್ಡನ್ ಕೇಳಿದನು, ಸೋತನು. ಬೊಮ್ಮಾಯಿ ಕೇಳಿದರು, ಐದು ವರ್ಷ ಕಳೆದು ಗೆದ್ದರು, ಕುರ್ಚಿ ಸಿಗಲಿಲ್ಲ. ಅಟ್ಟಾರಿಯ ವ್ಯಾಪಾರಿಗಳು ಕೇಳಿದ್ದರಿಂದ ಅವರ ಹಣ ಉಳಿಯಿತು. ಗುಲಾಬಿ ಈರುಳ್ಳಿಯವರು ಕೇಳಿದ್ದರಿಂದ ವಿನಾಯಿತಿ ಬಂದಿತು, ಆರು ವಾರದ ಬೆಳೆ ಮಾತ್ರ ಹಿಂದೆ ಬರಲಿಲ್ಲ. ಕೇಳಿದವರಿಗೆಲ್ಲ ಫಲ ಸಿಕ್ಕಿದೆಯೆಂದು ನಾನು ಹೇಳುವುದಿಲ್ಲ. ಆದರೆ ಅವರು ಕೇಳಿದ್ದರಿಂದ ನಂತರದವರಿಗೆ ಕೇಳುವ ದಾರಿ ತೆರೆಯಿತು.

ನಿಮ್ಮಲ್ಲಿ ಅಡತಿ ಅಂಗಡಿ ನಡೆಸುವವರಿದ್ದೀರಿ, ಹೊಲ ಮಾಡುವವರಿದ್ದೀರಿ, ಸರ್ಕಾರಿ ಕಚೇರಿಗಳಲ್ಲಿ ಕುಳಿತು ಇಂಥ ಅಧಿಸೂಚನೆಗಳನ್ನು ಜಾರಿಗೆ ತರುವವರೂ ಇದ್ದೀರಿ. ನಾಳೆ ಒಂದು ಸುಂಕ ಏರಿದಾಗ ಅದು ಹೆಚ್ಚೋ ಕಡಿಮೆಯೋ ಎಂದು ಮಾತಾಡುವ ಮೊದಲು ಅದರ ಕೆಳಗೆ ಯಾವ ಕಾಯ್ದೆಯ ಯಾವ ಕಲಮು ಬರೆದಿದೆ ಎಂಬುದನ್ನು ಒಮ್ಮೆ ಓದಿರಿ. ಓದಿದವರು ಓದದವರಿಗೆ ಹೇಳಿರಿ. ಲೋಕಸಭೆಗೆ ನೀವು ಕಳಿಸಿದವರು ಆ ಹದಿನೈದು ದಿನಗಳಲ್ಲಿ ಎದ್ದು ಮಾತಾಡಿದರೇ ಎಂದು ವಿಚಾರಿಸಿರಿ.

ಎಲ್ಲರಿಗೂ ಒಳ್ಳೆಯದಾಗಲಿ.